ಬೆರಳಿನ ಆಕ್ಸಿಮೀಟರ್: ಅಜ್ಜನಿಗೆ ಸರಿ, ಮೊಮ್ಮಗಳಿಗೆ ಅಲ್ಲ

ಐದರಲ್ಲಿ ಎರಡು ನಕ್ಷತ್ರ. ಅದೂ ನನ್ನ ಬೆರಳಿಗೆ ಸಿಕ್ಕಿಸಿದಾಗ ರಕ್ತದ ಆಮ್ಲಜನಕ ಶೇಕಡಾ 98 ಎಂದು ಸರಿಯಾಗಿ ತೋರಿಸಿತು ಎಂಬ ಕಾರಣಕ್ಕೆ.

ಮಗಳು ಬಾಣಂತನಕ್ಕೆಂದು ಶಿವಮೊಗ್ಗದ ನಮ್ಮ ಮನೆಯಲ್ಲಿದ್ದಳು. ಮಗುವಿಗೆ ಮೂರೂವರೆ ತಿಂಗಳು. ಆಗಸ್ಟ್‌ನ ಜಡಿಮಳೆಯಲ್ಲಿ ಸೀಮಂತವೊಂದಕ್ಕೆ ಹೋಗಿಬಂದು ನನಗೆ ಮೂಗು ಸೋರುತ್ತಿತ್ತು. ಬರೀ ನೆಗಡಿ ತಾನೇ ಎಂದು ಮಗುವನ್ನು ಎತ್ತಿಕೊಂಡೇ ಓಡಾಡಿದೆ. ಐದನೆಯ ದಿನ ಅದರ ಮೂಗೂ ಸೋರಿತು. ಆಮೇಲೆ ಕೆಮ್ಮು, ಗೊರಗೊರ ಉಸಿರು. ಯಜಮಾನರು ಮೆಡಿಕಲ್ ಅಂಗಡಿಗೆ ಹೋಗಿ ಇದನ್ನು ತಂದರು. ಎಲ್ಲ ವಯಸ್ಸಿನವರಿಗೂ ಆಗುತ್ತದೆ ಎಂದರಂತೆ ಅಂಗಡಿಯವರು.

ಮಗುವಿನ ಬೆರಳು ಎಳೆ ಹುರುಳಿಕಾಯಿಯಷ್ಟು. ಕ್ಲಿಪ್ಪು ನಿಲ್ಲುವುದೇ ಇಲ್ಲ. ಒಮ್ಮೆ 84, ಮರುಕ್ಷಣ ಬರೀ ಗೀಟು, ಮತ್ತೊಮ್ಮೆ 97. ನಾಡಿ 72 ಅಂತೆ! ಕೈಯಿಟ್ಟರೆ ಎದೆ ಗುಬ್ಬಿಯ ಎದೆಯಂತೆ ಬಡಿದುಕೊಳ್ಳುತ್ತಿದೆ. ಆದರೂ 97 ಕಂಡದ್ದೇ ಸಾಕೆಂದು ಒಂದು ಗಂಟೆ ಸುಮ್ಮನೆ ಕೂತೆವು. ಶಿಶುಗಳಿಗೆ ಬಳಸಬಾರದೆಂದು ಡಬ್ಬಿಯೊಳಗಿನ ಚೀಟಿಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿತ್ತು. ನನಗೆ ಕಂಡದ್ದು ಮುಂದಿನ ವಾರ, ಭೂತಗನ್ನಡಿ ಹಿಡಿದಾಗ.

ಪಕ್ಕದ ಮನೆಯ ನಿವೃತ್ತ ನರ್ಸ್ ಬಂದವರೇ ಯಂತ್ರ ಅತ್ತ ಇಟ್ಟು ಮಗುವಿನ ಅಂಗಿ ಮೇಲೆತ್ತಿದರು. “ಅಕ್ಕ, ನೀವು ಗಡಿಯಾರ ನೋಡಿ, ನಾನು ಎಣಿಸುತ್ತೇನೆ” ಎಂದರು. ನಿಮಿಷಕ್ಕೆ 66 ಉಸಿರು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಮುಟ್ಟಿದರೇ ಜೋರು ಉಸಿರು, ಎರಡು ತಿಂಗಳೊಳಗಿನ ಕೂಸಿಗೆ 60. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು. ಎರಡು ಗುಟುಕಿಗೆ ಮೊಲೆ ಬಿಡುತ್ತಿತ್ತು. ಬೆಳಗಿನಿಂದ ಒದ್ದೆಯಾದ ಲಂಗೋಟಿ ಒಂದೇ. ಜ್ವರ ಮಾತ್ರ ಇರಲಿಲ್ಲ, ನಾವು ಮೋಸಹೋದದ್ದು ಅಲ್ಲಿಯೇ.

ಆಸ್ಪತ್ರೆಯಲ್ಲಿ ಪಾದಕ್ಕೆ ಪಟ್ಟಿಯಂತೆ ಸುತ್ತುವ ಮಾಪಕ ಹಾಕಿದರು. ಅದು ತೋರಿಸಿದ್ದು 89, ಅಲುಗಾಡದೆ. ಆರ್‌ಎಸ್‌ವಿ ಎಂಬ ವೈರಸ್. ದೊಡ್ಡವರಲ್ಲಿ ಹೆಚ್ಚಾಗಿ ನೆಗಡಿಯಾಗಿ ಮುಗಿಯುವುದು ಎಳೆಗೂಸುಗಳಲ್ಲಿ ಶ್ವಾಸಕೋಶದ ಕಿರುನಾಳಗಳನ್ನು ಊದಿಸಿ ಲೋಳೆ ಕಟ್ಟಿಸುತ್ತದೆ. ಕಾಯಿಲೆ ಶುರುವಾದ ಮೂರರಿಂದ ಐದನೆಯ ದಿನವೇ ಜೋರಂತೆ. ಆ್ಯಂಟಿಬಯಾಟಿಕ್ ವೈರಸ್‌ಗೆ ನಾಟುವುದಿಲ್ಲ ಎಂದು ಕೊಡಲಿಲ್ಲ. ಆಮ್ಲಜನಕ, ಮೂಗಿಗೆ ಉಪ್ಪುನೀರಿನ ಹನಿ, ನಳಿಕೆಯಲ್ಲಿ ತಾಯಿಯ ಹಾಲು. ನಾಲ್ಕು ದಿನ ಇದ್ದು ಮನೆಗೆ ಬಂದೆವು.

ಈಗ ಹೊರಗಿನಿಂದ ಯಾರು ಬಂದರೂ ಸೋಪಿನಲ್ಲಿ ಕೈ ತೊಳೆದೇ ಒಳಗೆ. ನೆಗಡಿಯಿದ್ದರೆ ತೊಟ್ಟಿಲ ಬಳಿ ಬರುವಂತಿಲ್ಲ, ಇದಕ್ಕೆ ನಾದಿನಿ ಇನ್ನೂ ಮುನಿಸಿಕೊಂಡಿದ್ದಾಳೆ. ನೀರೆರೆದ ಮೇಲೆ ಹಿಡಿಯುತ್ತಿದ್ದ ಸಾಂಬ್ರಾಣಿ ಹೊಗೆಯನ್ನೂ ಬಿಟ್ಟೆ. ಅಮ್ಮನ ಕಾಲದ ಪದ್ಧತಿ, ಬಿಡಲು ಮನಸ್ಸಿರಲಿಲ್ಲ, ಆದರೆ ಆ ಪುಟ್ಟ ಎದೆಗೆ ಯಾವ ಹೊಗೆಯೂ ಬೇಡವೆಂದು ಡಾಕ್ಟರ್ ಗದರಿದರು.

ಯಂತ್ರ ಈಗ ಯಜಮಾನರ ಸ್ವತ್ತು. ವಾಕಿಂಗ್ ಮುಗಿಸಿ ಬಂದು ದಿನಾ ಬೆರಳಿಗೆ ಸಿಕ್ಕಿಸಿಕೊಂಡು 97 ಎಂದು ಸಾರುತ್ತಾರೆ. ಅಂದಹಾಗೆ, ಬ್ಯಾಟರಿಯ ಮುಚ್ಚಳ ತಿಂಗಳೊಳಗೇ ಸಡಿಲವಾಗಿದೆ, ರಬ್ಬರ್ ಬ್ಯಾಂಡ್ ಸುತ್ತಿದ್ದೇವೆ.