ಥಾರ್‌ನ ಎರಡನೆಯ ಲಿವರು: ಕಾಸರಗೋಡಿನ ಗುಡ್ಡದ ದಾರಿಯಲ್ಲಿ ಹಲವು ಮಳೆಗಾಲಗಳ ಬಳಕೆಯ ನಂತರ

ಮಹೀಂದ್ರ ಥಾರ್‌ನ ಡೀಸೆಲ್ ಎಂಜಿನ್, ಮ್ಯಾನ್ಯುವಲ್ ಗೇರು ಮತ್ತು ಗಟ್ಟಿ ಮಾಡಿನ ಎಲ್‌ಎಕ್ಸ್ ಮಾದರಿಯನ್ನು ನಾನು 2021ರಲ್ಲಿ ಕೊಂಡೆ. ಅಂದಿನಿಂದ ಅದು ದೇಲಂಪಾಡಿ ಕಡೆಯ ನಮ್ಮ ಅಡಿಕೆ ತೋಟಕ್ಕೂ ಚೆರ್ಕಳ–ಜಾಲ್ಸೂರು ಹೆದ್ದಾರಿಗೂ ನಡುವೆ ಓಡಾಡುತ್ತಿದೆ. ಅದರ ಅಂದಚಂದ, ಸೀಟಿನ ಸುಖ, ಹಾಡಿನ ಪೆಟ್ಟಿಗೆಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಬೇಕೆಂದಿರುವುದು ಗೇರಿನ ಪಕ್ಕದಲ್ಲಿರುವ, ಎಂಜಿನ್ನಿನ ಶಕ್ತಿಯನ್ನು ನಾಲ್ಕೂ ಚಕ್ರಗಳಿಗೆ ಹಾಯಿಸುವ (ಫೋರ್ ವೀಲ್ ಡ್ರೈವ್) ಎರಡನೆಯ ಲಿವರಿನ ಬಗ್ಗೆ ಮಾತ್ರ. ಇಂಥ ವಾಹನ ಕೊಂಡವರಲ್ಲಿ ಅನೇಕರು ಅದನ್ನು ವರ್ಷಗಟ್ಟಲೆ ಮುಟ್ಟುವುದಿಲ್ಲ. ಇನ್ನು ಕೆಲವರು ಮೊದಲ ಮಳೆಗೆ ಫೋರ್ ವೀಲ್ ಹಾಕಿ, ಮಳೆಗಾಲ ಮುಗಿಯುವವರೆಗೂ ಹಾಗೆಯೇ ಬಿಡುತ್ತಾರೆ. ಎರಡರಿಂದಲೂ ವಾಹನಕ್ಕೆ ಹಾನಿಯಿದೆ. ನನ್ನ ಅನುಭವದಲ್ಲಿ ಈ ಲಿವರಿನ ನಿಜವಾದ ಉಪಯೋಗವೆಂದರೆ, ಕಷ್ಟದ ಜಾಗವನ್ನು ಚಕ್ರ ಜಾರದಷ್ಟು ನಿಧಾನವಾಗಿ ದಾಟಲು ಅನುವು ಮಾಡಿಕೊಡುವುದು. ವೇಗವಾಗಿ ನುಗ್ಗುವುದಕ್ಕೆಂದು ಅದನ್ನು ಬಳಸುವವರಿಗೆ ಅದರಿಂದ ಸಿಗುವುದು ಬಹಳ ಕಡಿಮೆ.

ನಮ್ಮ ಕಡೆಯ ನೆಲದ ಸ್ವರೂಪವನ್ನು ಹೇಳದೆ ಮುಂದಿನ ಮಾತುಗಳು ಅರ್ಥವಾಗಲಾರವು. ಡಾಮರು ರಸ್ತೆ ಗುಡ್ಡದ ನೆತ್ತಿಯಲ್ಲಿರುತ್ತದೆ, ತೋಟ ಕೆಳಗಿನ ತಗ್ಗಿನಲ್ಲಿ ತೋಡಿನ (ಸಣ್ಣ ಹೊಳೆಯ) ಬದಿಗಿರುತ್ತದೆ, ನಡುವೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕಡಿದಾದ ದಾರಿ. ಬೇಸಗೆಯಲ್ಲಿ ಅದರ ಮೇಲೆ ಸಡಿಲ ಹರಳು ಹರಡಿರುತ್ತದೆ. ಆಷಾಢದ ಹೊತ್ತಿಗೆ ಅದೇ ಕಲ್ಲಿನ ಮೇಲೆ ಹಾವಸೆ (ಪಾಚಿ) ಬೆಳೆದು ಬರಿಗಾಲಿನಲ್ಲೂ ನಿಲ್ಲಲಾಗುವುದಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಬೇಕಾದದ್ದೂ ಆಗಲೇ: ಮುಂಗಾರು ಆರಂಭವಾಗುವ ಹೊತ್ತಿಗೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ. ಎರಡನೆಯ ಸಲ ದಾರಿ ಅತ್ಯಂತ ಕೆಟ್ಟ ಸ್ಥಿತಿಯಲ್ಲಿರುತ್ತದೆ, ಮಳೆ ಹೊಳವಾಗುವುದು ಒಂದೆರಡು ದಿನ ಮಾತ್ರ, ಮರ ಹತ್ತುವವರು ಸಿಕ್ಕಿದ ದಿನವೇ ಪಂಪು, ಪೈಪು, ಡ್ರಮ್ಮು, ಮೈಲುತುತ್ತು, ಸುಣ್ಣಗಳೆಲ್ಲ ಕೆಳಗೆ ತಲುಪಬೇಕು. ಅಂದು ವಾಹನ ಅರ್ಧದಾರಿಯಲ್ಲಿ ನಿಂತರೆ ವರ್ಷದ ಫಸಲಿಗೇ ಸಂಚಕಾರ. ಆದ್ದರಿಂದ ಫೋರ್ ವೀಲ್ ಡ್ರೈವ್ ಎಂಬುದು ನಮ್ಮ ಪಾಲಿಗೆ ಕೃಷಿ ಉಪಕರಣ.

ಥಾರ್‌ನ ವ್ಯವಸ್ಥೆ ಹಳೆಯ ಜೀಪುಗಳ ಕ್ರಮದ್ದೇ. ಲಿವರಿನಲ್ಲಿ ಟು ಹೈ, ಫೋರ್ ಹೈ, ನ್ಯೂಟ್ರಲ್, ಫೋರ್ ಲೋ ಎಂಬ ನಾಲ್ಕು ಸ್ಥಾನಗಳಿವೆ. ಟು ಹೈನಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಎಂಜಿನ್ನಿನ ಶಕ್ತಿ ಹೋಗುತ್ತದೆ. ಫೋರ್ ಹೈಗೆ ಹಾಕಿದಾಗ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದಕ್ಕೊಂದು ಗಟ್ಟಿಯಾಗಿ ಬೆಸೆದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಈ ಬೆಸುಗೆಯನ್ನು ಸಡಿಲಿಸಬಲ್ಲ ನಡುವಿನ ಡಿಫರೆನ್ಶಿಯಲ್ (ಎರಡು ಬದಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಜೋಡಣೆ) ಇದರಲ್ಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ನಿಯಮಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊಳೆಯುತ್ತವೆ.

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಬಳಸಿನಲ್ಲಿ ಸಾಗುತ್ತವೆ, ಅಂದರೆ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಕೆಸರಿನಲ್ಲೋ ಹರಳಿನಲ್ಲೋ ಈ ವ್ಯತ್ಯಾಸ ಚಕ್ರ ಸ್ವಲ್ಪ ಜಾರುವುದರಿಂದ ಸರಿಹೋಗುತ್ತದೆ. ಒಣಗಿದ ಡಾಮರು ಜಾರಲು ಬಿಡುವುದಿಲ್ಲ. ಆಗ ಆ ಬಿಗಿತವೆಲ್ಲ ಗೇರುಪೆಟ್ಟಿಗೆ, ಶಾಫ್ಟು, ಜಾಯಿಂಟುಗಳ ಮೇಲೆ ಬೀಳುತ್ತದೆ. ಸ್ಟಿಯರಿಂಗ್ ಭಾರವಾಗುವುದು, ವಾಹನ ಯಾರೋ ಹಿಂದಿನಿಂದ ಹಿಡಿದಂತೆ ಎಳೆಯುವುದು, ಲಿವರು ಹಿಂದಕ್ಕೆ ಬಾರದಿರುವುದು ಇವೆಲ್ಲ ಅದರ ಲಕ್ಷಣಗಳು. ಹಾಗೆ ಲಿವರು ಕಚ್ಚಿಕೊಂಡಾಗ ಬಲ ಹಾಕಬಾರದು. ಚಕ್ರಗಳನ್ನು ನೇರ ಮಾಡಿ ಒಂದೆರಡು ಮೀಟರ್ ಹಿಂದಕ್ಕೆ ಬಂದರೆ ಬಿಗಿತ ಬಿಚ್ಚಿ ಅದು ತಾನಾಗಿ ಸಡಿಲವಾಗುತ್ತದೆ. ರಾಣಿಪುರಂ ಕಡೆಯ ಏರುದಾರಿಯಂಥ ಡಾಮರು ತಿರುವುಗಳಲ್ಲಿ ಮಳೆ ಬರುತ್ತಿದ್ದರೂ ನಾನು ಟು ಹೈನಲ್ಲೇ ಹೋಗುತ್ತೇನೆ, ಏಕೆಂದರೆ ಒದ್ದೆ ಡಾಮರಿಗೂ ಈ ಬಿಗಿತ ಹುಟ್ಟಿಸುವಷ್ಟು ಹಿಡಿತವಿದೆ. ಗುಡ್ಡ ಜರಿದು ಕೆಂಪು ಮಣ್ಣು ರಸ್ತೆಯ ಮೇಲೆ ಹರಡಿದ್ದರೆ ಅಷ್ಟು ದೂರಕ್ಕೆ ಮಾತ್ರ ಫೋರ್ ಹೈ ಹಾಕಿ, ದಾಟಿದ ಕೂಡಲೇ ತೆಗೆಯುವುದು ಸರಿ.

ಹಾಕುವ ಹೊತ್ತಿನ ಬಗ್ಗೆ ನನಗೆ ಕಲಿಸಿದವರು, ಹಿಂದೆ ಬಂದಡ್ಕ–ಪಾಣತ್ತೂರು ಕಡೆಗೆ ಬಾಡಿಗೆ ಜೀಪು ಓಡಿಸುತ್ತಿದ್ದ ನಮ್ಮೂರಿನ ಹಿರಿಯ ಚಾಲಕರೊಬ್ಬರು. “ತಳೆಯನ್ನು ಬುಡದಲ್ಲೇ ಕಾಲಿಗೆ ಹಾಕುವುದಲ್ಲವಾ ಮಾಷ್ಟ್ರೇ, ಅರ್ಧ ಮರ ಹತ್ತಿ ಜಾರಿದ ಮೇಲೆ ಹಾಕಿ ಏನು ಪ್ರಯೋಜನ?” ಎಂದು ಅವರು ಕೇಳಿದ್ದರು (ತಳೆ ಎಂದರೆ ಅಡಿಕೆ ಮರ ಹತ್ತುವಾಗ ಕಾಲಿಗೆ ಹಾಕಿಕೊಳ್ಳುವ ಬಳೆ). ಚಕ್ರ ತಿರುಗಿ ಗುಂಡಿ ತೋಡಿದ ಮೇಲೆ ಫೋರ್ ವೀಲ್ ಹಾಕಿದರೆ, ಬಿಡಿಸಿಕೊಳ್ಳಬೇಕಾದದ್ದು ನೆಲದಿಂದಲ್ಲ, ನಾವೇ ತೋಡಿದ ಗುಂಡಿಯಿಂದ. ಮೇಲಾಗಿ, ಹಿಂದಿನ ಚಕ್ರಗಳು ಜೋರಾಗಿ ತಿರುಗುತ್ತಿರುವಾಗಲೇ ಲಿವರು ಎಳೆದರೆ ಹಲ್ಲುಗಳು ಒಂದಕ್ಕೊಂದು ಬಡಿಯುತ್ತವೆ. ಟು ಹೈಯಿಂದ ಫೋರ್ ಹೈಗೆ ಚಲಿಸುತ್ತಿರುವಾಗಲೇ ಬದಲಿಸಬಹುದಾದರೂ ಚಕ್ರ ನೇರವಾಗಿರಬೇಕು, ವೇಗ ಹಿತಮಿತವಾಗಿರಬೇಕು, ಆಕ್ಸಿಲರೇಟರಿನಿಂದ ಕಾಲು ಎತ್ತಿರಬೇಕು. ಫೋರ್ ಲೋಗೆ ಹಾಕಲು ಮಾತ್ರ ವಾಹನವನ್ನು ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಕ್ಲಚ್ ಪೂರ್ತಿ ತುಳಿದು, ನಡುವಿನ ನ್ಯೂಟ್ರಲ್ ಸ್ಥಾನದಲ್ಲಿ ತಡೆಯದೆ ಒಂದೇ ಬೀಸಿನಲ್ಲಿ ಎಳೆಯಬೇಕು. ಆ ನ್ಯೂಟ್ರಲ್‌ನಲ್ಲಿ ಲಿವರು ನಿಂತುಬಿಟ್ಟರೆ, ಗೇರು ಹಾಕಿ ನಿಲ್ಲಿಸಿದ ವಾಹನವೂ ಇಳಿಜಾರಿನಲ್ಲಿ ಉರುಳುತ್ತದೆ. ಹ್ಯಾಂಡ್ ಬ್ರೇಕ್ ಎಳೆಯದೆ ಇದನ್ನೆಲ್ಲ ಮಾಡಲೇಬಾರದು.

ಫೋರ್ ಲೋ ಈ ವಾಹನದ ಅತ್ಯಂತ ಬೆಲೆಬಾಳುವ ಗುಣವೆಂದು ನಾನು ಭಾವಿಸುತ್ತೇನೆ. ಅದರಲ್ಲಿ ಗೇರಿನ ಇಳಿತ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ: ವೇಗ ಅಷ್ಟೇ ಪಟ್ಟು ತಗ್ಗಿ, ಚಕ್ರಕ್ಕೆ ಸಿಗುವ ಬಲ ಅಷ್ಟೇ ಪಟ್ಟು ಏರುತ್ತದೆ. ಡೀಸೆಲ್ ಎಂಜಿನ್ ನಿಮಿಷಕ್ಕೆ 1,600 ಸುತ್ತಿನಿಂದಲೇ 300 ನ್ಯೂಟನ್ ಮೀಟರ್ ತಿರುಗುಬಲ (ಟಾರ್ಕ್) ಕೊಡುವುದರಿಂದ, ಚಡಾವಿನಲ್ಲಿ ಎಂಜಿನ್ನನ್ನು ಗರ್ಜಿಸಲು ಬಿಡುವ ಅಗತ್ಯವೇ ಬೀಳುವುದಿಲ್ಲ. ಹಾವಸೆ ಕಟ್ಟಿದ ಮುರಕಲ್ಲಿನ ಮೇಲೆ ಎರಡನೆಯ ಗೇರು ಸಾಮಾನ್ಯವಾಗಿ ಒಂದನೆಯದಕ್ಕಿಂತ ಉತ್ತಮ, ಏಕೆಂದರೆ ಒಂದನೆಯದರಲ್ಲಿ ಬಲ ಎಷ್ಟು ಹೆಚ್ಚಿರುತ್ತದೆಂದರೆ ಕಾಲು ತುಸು ಒತ್ತಿದರೂ ಚಕ್ರ ಕಿತ್ತುಕೊಂಡು ತಿರುಗುತ್ತದೆ. ಇಳಿಯುವಾಗ ಇದು ತಿರುಗುಮುರುಗು: ಒಂದನೆಯ ಗೇರಿಗೆ ಹಾಕಿ, ಕ್ಲಚ್ಚಿನಿಂದ ಕಾಲನ್ನು ಪೂರ್ತಿ ತೆಗೆದು, ಎಂಜಿನ್ನೇ ವಾಹನವನ್ನು ಹಿಡಿದಿಡುವಂತೆ ಬಿಡಬೇಕು. ಇಳಿಜಾರಿನ ನಡುವೆ ಕ್ಲಚ್ ತುಳಿಯುವುದೆಂದರೆ ಆ ಹಿಡಿತವನ್ನು ಕೈಯಾರೆ ಕಳಚಿದಂತೆ. ಇಳಿಯುತ್ತಿರುವಾಗ ಚಕ್ರಗಳು ತಿರುಗುವುದಕ್ಕಿಂತ ವೇಗವಾಗಿ ವಾಹನ ಜಾರತೊಡಗಿದರೆ ಬ್ರೇಕ್ ಒತ್ತುವ ಆಸೆಯನ್ನು ಅದುಮಿಕೊಂಡು ಆಕ್ಸಿಲರೇಟರನ್ನು ತುಸುವೇ ಒತ್ತಬೇಕು. ಚಕ್ರ ಮತ್ತೆ ಉರುಳತೊಡಗಿದಾಗ ಸ್ಟಿಯರಿಂಗ್ ಮಾತು ಕೇಳುತ್ತದೆ. ನಮ್ಮ ದಾರಿಯಲ್ಲಿ ಇದನ್ನು ಕಲಿಯಲು ತಿಂಗಳುಗಳೇ ಹಿಡಿದವು, ಏಕೆಂದರೆ ಕಾಲಿನ ಅಭ್ಯಾಸ ಬ್ರೇಕಿನತ್ತಲೇ ಹೋಗುತ್ತದೆ.

ಚಡಾವಿನ ಅರ್ಧದಲ್ಲಿ ವಾಹನ ನಿಂತರೆ ಮಾಡಬೇಕಾದದ್ದನ್ನು ಒಳ್ಳೆಯ ಹವೆಯಲ್ಲಿ, ಸಣ್ಣ ಏರಿನಲ್ಲಿ ಮೊದಲೇ ಅಭ್ಯಾಸ ಮಾಡಿಕೊಳ್ಳಬೇಕೆಂದು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ರಿವರ್ಸ್ ಗೇರು ಹಾಕಿ, ಕ್ಲಚ್ಚನ್ನು ಪೂರ್ತಿ ಬಿಟ್ಟ ಮೇಲೆ ಬ್ರೇಕನ್ನು ಮೆಲ್ಲನೆ ಸಡಿಲಿಸಿ, ಹೋದ ದಾರಿಯಲ್ಲೇ ನೇರವಾಗಿ ಹಿಂದಕ್ಕೆ ಇಳಿಯಬೇಕು. ನ್ಯೂಟ್ರಲ್‌ನಲ್ಲಿ ಹಿಂದಕ್ಕೆ ಉರುಳುವುದೂ ಚಡಾವಿನಲ್ಲಿ ಅಡ್ಡಕ್ಕೆ ತಿರುಗಿಸಲು ಹೋಗುವುದೂ ವಾಹನ ಮಗುಚಲು ದಾರಿ.

ನಾಲ್ಕು ಚಕ್ರಕ್ಕೆ ಶಕ್ತಿ ಹೋದರೂ ವಾಹನ ಏಕೆ ನಿಲ್ಲುತ್ತದೆ ಎಂದು ಕೇಳುವವರಿದ್ದಾರೆ. ಸಾಧಾರಣ ಡಿಫರೆನ್ಶಿಯಲ್ ಎರಡು ಬದಿಗೂ ಸಮಾನ ಬಲ ಹಂಚುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದು ಬಲವನ್ನೇ ಬೇಡದಿದ್ದರೆ ನೆಲದ ಮೇಲಿರುವ ಚಕ್ರಕ್ಕೂ ಸಿಗುವುದು ಅಷ್ಟೇ. ಓರೆಯಾದ ಹಳ್ಳದಲ್ಲಿ ಮುಂದಿನ ಒಂದು, ಹಿಂದಿನ ಒಂದು ಚಕ್ರ ಮೇಲೆದ್ದರೆ ಉಳಿದೆರಡು ಸುಮ್ಮನೆ ನಿಲ್ಲುತ್ತವೆ. ನನ್ನ ಎಲ್‌ಎಕ್ಸ್ ಮಾದರಿಯಲ್ಲಿ ಹಿಂದಿನ ಆಕ್ಸಲ್‌ಗೆ ತಾನಾಗಿ ಬೀಗ ಬೀಳುವ ಲಾಕಿಂಗ್ ಡಿಫರೆನ್ಶಿಯಲ್ ಇದೆ. ಒಂದು ಚಕ್ರ ಇನ್ನೊಂದಕ್ಕಿಂತ ಬಹಳ ವೇಗವಾಗಿ ತಿರುಗಿದಾಗ ಅದು ಕೆಲಸಕ್ಕೆ ತೊಡಗುವುದರಿಂದ ಚಾಲಕ ಒಂದು ಕ್ಷಣ ತಾಳ್ಮೆಯಿಂದ ಆಕ್ಸಿಲರೇಟರನ್ನು ಒಂದೇ ಹದದಲ್ಲಿ ಹಿಡಿದಿರಬೇಕು. ಚಕ್ರ ತಿರುಗಿದ್ದು ಕಂಡು ಕಾಲೆತ್ತಿದರೆ ಬೀಗ ಬೀಳುವುದಿಲ್ಲ. ಗಾಬರಿಯಿಂದ ಪೂರ್ತಿ ಒತ್ತಿದರೆ ಬೀಗ ಬಿದ್ದ ಹೊತ್ತಿಗೆ ಇಡೀ ವಾಹನ ಅಡ್ಡಕ್ಕೆ ಎಗರುತ್ತದೆ.

ತೋಡು ದಾಟುವ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ನಿಲುವು. ಥಾರ್ 650 ಮಿಲಿಮೀಟರ್ ಆಳದ ನೀರಿನಲ್ಲಿ ಸಾಗಬಲ್ಲದು ಎಂಬ ಅಂಕಿ ನಿಂತ ನೀರಿನ ಲೆಕ್ಕದ್ದು. ಮಳೆಗಾಲದ ತೋಡಿನಲ್ಲಿ ಆಳಕ್ಕಿಂತ ಸೆಳೆತ ದೊಡ್ಡದು, ಅದರ ಅಡಿಯ ಕಲ್ಲು ನಿನ್ನೆ ಇದ್ದ ಜಾಗದಲ್ಲಿ ಇಂದು ಇರುವುದಿಲ್ಲ. ಮೊದಲು ಕೋಲು ಹಿಡಿದು ನಡೆದು ದಾಟಬೇಕು; ನೀರು ಮೊಣಕಾಲು ಮುಟ್ಟಿದರೆ, ಅಥವಾ ಕಡಿಮೆಯಿದ್ದರೂ ಕಾಲನ್ನು ಎಳೆಯುತ್ತಿದ್ದರೆ, ವಾಹನ ಇಳಿಸಬಾರದು. ದಾಟುವುದಾದರೆ ಫೋರ್ ಲೋನಲ್ಲಿ ಒಂದೇ ಗೇರಿನಲ್ಲಿ ಸಮವಾಗಿ ಹೋಗಿ, ಆಚೆ ದಡದಲ್ಲಿ ಬ್ರೇಕನ್ನು ಕೆಲವು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಬೇಕು. ಹಿಂದಿನ ಬ್ರೇಕುಗಳು ಡ್ರಮ್ ಆದ್ದರಿಂದ ಒಳಗೆ ಹೊಕ್ಕ ಕೆಸರುನೀರು ಬೇಗ ಹೊರಬರುವುದಿಲ್ಲ.

ತೋಟದ ಕೆಸರಿನಲ್ಲಿ ಹೂತಾಗ ಚಕ್ರದ ಅಡಿಗೆ ಅಡಿಕೆ ಸೋಗೆ ಹಾಸುವುದು ಒಳ್ಳೆಯ ಉಪಾಯ. ಅಡಿಕೆ ಹಾಳೆಯನ್ನು (ಸೋಗೆಯ ಬುಡದ ಅಗಲವಾದ ಭಾಗವನ್ನು) ಮಾತ್ರ ಹಾಸಬಾರದು. ಮಕ್ಕಳು ಅದರ ಮೇಲೆ ಕುಳಿತು ಜಾರಿ ಆಡುವುದು ಅದು ನುಣುಪಾಗಿರುವುದರಿಂದಲೇ. ಮರಳಿನ ಅನುಭವ ನನಗೆ ಕಡಿಮೆ. ಕಣ್ಣೂರಿನ ಮುಳಪ್ಪಿಲಂಗಾಡು ಕಡಲತೀರದಲ್ಲಿ ನೀರಿನಂಚಿನ ಗಟ್ಟಿ ಮರಳಿಗೆ ಟು ಹೈ ಸಾಕು, ಮೇಲಿನ ಸಡಿಲ ಮರಳಿಗೆ ಫೋರ್ ಹೈ ಮತ್ತು ಟಯರಿನ ಗಾಳಿ ತಗ್ಗಿಸುವುದು ಬೇಕು. ಮನೆಗೆ ಬಂದೊಡನೆ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಯಬೇಕು. ನಮ್ಮ ಮುರಕಲ್ಲಿನ ದಾರಿಯಲ್ಲಿ ನಾನು ಗಾಳಿ ತಗ್ಗಿಸುವುದಿಲ್ಲ, ಚೂಪುಕಲ್ಲು ಟಯರಿನ ಪಕ್ಕವನ್ನು ಸೀಳುವ ಅಪಾಯ ಹೆಚ್ಚು.

ಇಲ್ಲಿಯವರೆಗೆ ಹೇಳಿದ ಎಲ್ಲಕ್ಕೂ ಟಯರೇ ಆಧಾರ. ಫೋರ್ ವೀಲ್ ಡ್ರೈವ್ ಹಿಡಿತವನ್ನು ಸೃಷ್ಟಿಸುವುದಿಲ್ಲ, ಇರುವ ಹಿಡಿತವನ್ನು ಪೂರ್ತಿ ಬಳಸಿಕೊಳ್ಳುತ್ತದೆ. ನಿಲ್ಲಿಸುವಾಗ ಅದರಿಂದ ಯಾವ ಸಹಾಯವೂ ಇಲ್ಲ, ಏಕೆಂದರೆ ಬ್ರೇಕು ಎಲ್ಲ ವಾಹನಗಳಲ್ಲೂ ನಾಲ್ಕು ಚಕ್ರಕ್ಕಿರುತ್ತದೆ. ಟಯರಿನ ಹಲ್ಲು 1.6 ಮಿಲಿಮೀಟರ್‌ಗೆ ಇಳಿಯುವವರೆಗೆ ಕಾನೂನು ಬಿಟ್ಟರೂ ಕೆಸರಿನ ದಾರಿಗೆ 4 ಮಿಲಿಮೀಟರ್ ಇರುವಾಗಲೇ ಬದಲಿಸಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಮುಖ್ಯವಾಗಿ, ನಾಲ್ಕೂ ಟಯರು ಒಂದೇ ಅಳತೆಯದಾಗಿ, ಸಮವಾಗಿ ಸವೆದಿರಬೇಕು. ಮುಂದೆ ಹೊಸದು, ಹಿಂದೆ ಸವೆದದ್ದು ಇದ್ದರೆ ಸುತ್ತಳತೆ ಬೇರೆಯಾಗಿ, ನೇರ ದಾರಿಯಲ್ಲೂ ತಿರುವಿನ ಬಿಗಿತವೇ ಹುಟ್ಟುತ್ತದೆ. ಹಿಂಬಾಗಿಲಿನ ಸ್ಟೆಪ್ನಿಯನ್ನೂ ಸೇರಿಸಿ ಐದನ್ನೂ ಸರದಿಯಂತೆ ಬದಲಿಸುತ್ತಿರುವುದು ಲಾಭಕರ. ಬೇಸಗೆಯಲ್ಲೂ ತಿಂಗಳಿಗೊಮ್ಮೆ ಸಡಿಲ ಮಣ್ಣಿನ ಮೇಲೆ ಫೋರ್ ಹೈ, ಫೋರ್ ಲೋ ಎರಡನ್ನೂ ಹಾಕಿ ತುಸು ದೂರ ಓಡಿಸಿದರೆ ಎಣ್ಣೆ ಎಲ್ಲೆಡೆ ಹರಡಿ ಲಿವರು ಕಚ್ಚಿಕೊಳ್ಳುವುದಿಲ್ಲ.

ಎಲ್ಲರೂ ಇದನ್ನು ಕೊಳ್ಳಬೇಕೆಂದು ನಾನು ಹೇಳಲಾರೆ. ಮನೆಯಂಗಳದವರೆಗೆ ಕಾಂಕ್ರೀಟು ರಸ್ತೆಯಿರುವವರಿಗೆ 2023ರ ಜನವರಿಯಲ್ಲಿ ಬಂದ 1.5 ಲೀಟರ್ ಡೀಸೆಲ್‌ನ ಟು ವೀಲ್ ಡ್ರೈವ್ ಥಾರ್ ಸಾಕು. ಅಡಿಕೆ ಗೋಣಿ ಸಾಗಿಸುವುದೇ ಮುಖ್ಯವಾದರೆ ಎರಡೇ ಬಾಗಿಲಿನ ಈ ವಾಹನಕ್ಕಿಂತ ಫೋರ್ ವೀಲ್ ಡ್ರೈವ್ ಇರುವ ಪಿಕಪ್ ಹೆಚ್ಚು ಪ್ರಯೋಜನಕಾರಿ. ಕಡಿದಾದ ದಾರಿಯಿದ್ದು ಹೊರೆ ಹಗುರವಾಗಿದ್ದರೆ, 2023ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಮ್ನಿಯನ್ನೂ ನೋಡಬಹುದು; ಅದರಲ್ಲೂ ಫೋರ್ ಲೋ ಇದೆ, ಮೈಯೂ ಕಿರಿದು. ಬಳಸಿದ ವಾಹನ ಕೊಳ್ಳುವವರು ಬಣ್ಣ, ಸೀಟುಗಳಿಗಿಂತ ಮೊದಲು ಮಣ್ಣಿನ ನೆಲದಲ್ಲಿ ಲಿವರನ್ನು ನಾಲ್ಕೂ ಸ್ಥಾನಗಳಿಗೆ ಹಾಕಿ ನೋಡಬೇಕು, ಟಯರುಗಳ ಅಳತೆ ಹೋಲಿಸಬೇಕು, ಹಿಂದಿನ ಮತ್ತು ಮುಂದಿನ ಡಿಫರೆನ್ಶಿಯಲ್ ಪೆಟ್ಟಿಗೆಯ (ಹೌಸಿಂಗಿನ) ಎಣ್ಣೆಯನ್ನು ಮೆಕ್ಯಾನಿಕರಿಂದ ತುಸು ಹೊರತೆಗೆಸಬೇಕು. ಎಣ್ಣೆ ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ. ಅಂಥದ್ದನ್ನು ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಬಿಟ್ಟು ಬೇರೊಂದನ್ನು ಹುಡುಕುವುದು ಲೇಸು.