ಕ್ಯಾನನ್ 50 ಎಂಎಂ ಲೆನ್ಸ್: ಮಲೆನಾಡಿನ ಮನೆಯೊಳಗೆ ಆರು ವರ್ಷ ಬಳಸಿದ ಮೇಲೆ

2019ರ ದೀಪಾವಳಿಗೆ ಈ ಲೆನ್ಸ್ ತೆಗೆದುಕೊಂಡೆ. ಆಗ 8 ಸಾವಿರ ಚಿಲ್ಲರೆ ಬಿತ್ತು. ಪೂರ್ತಿ ಹೆಸರು ಕ್ಯಾನನ್ ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ. ಮಾರುಕಟ್ಟೆಗೆ ಬಂದದ್ದು 2015ರಲ್ಲಿ. ತೂಕ ಬರೀ 160 ಗ್ರಾಂ, ಒಂದು ಮಾವಿನಹಣ್ಣಿನಷ್ಟೂ ಇಲ್ಲ. ನನ್ನ ಕ್ಯಾಮೆರಾ ಕ್ಯಾನನ್ 1500ಡಿ.

ಮೊದಲೇ ಒಂದು ಮಾತು. ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿಮನೆ. ಮಳೆಗಾಲದ ನಾಲ್ಕು ತಿಂಗಳು ಕ್ಯಾಮೆರಾ ಹಿಡಿದು ಅಂಗಳಕ್ಕಿಳಿಯುವ ಹಾಗೇ ಇಲ್ಲ. ಹಾಗಾಗಿ ನನ್ನ ಫೋಟೋ ಹುಚ್ಚೆಲ್ಲ ಜಗಲಿ, ನಡುಮನೆ, ಅಡುಗೆಮನೆಯೊಳಗೇ ಸುತ್ತುತ್ತದೆ. ಪ್ರವಾಸಕ್ಕೋ ಮದುವೆಗೋ ಈ ಲೆನ್ಸ್ ಹೇಗೆ ಅಂತ ಕೇಳುವವರಿಗೆ ನನ್ನ ಅನುಭವ ಅಷ್ಟಾಗಿ ಉಪಯೋಗಕ್ಕೆ ಬರಲಿಕ್ಕಿಲ್ಲ.

ಇದನ್ನು ತೆಗೆದುಕೊಳ್ಳಲು ಕಾರಣ ಅಡುಗೆಮನೆಯ ಕತ್ತಲು. ಗೋಡೆಗೆ ಹೊಗೆ ಹಿಡಿದಿದೆ, ಇರುವುದು ಒಂದೇ ಕಿಟಕಿ. ಕ್ಯಾಮೆರಾ ಜೊತೆ ಬಂದ 18-55 ಲೆನ್ಸನ್ನು ಕೊನೆತನಕ ಜೂಮ್ ಮಾಡಿದರೆ ಅದರ ಬಾಯಿ ಎಫ್ 5.6ಕ್ಕಿಂತ ದೊಡ್ಡದಾಗಿ ತೆರೆಯುವುದಿಲ್ಲ (ಎಫ್ ನಂಬರ್ ಚಿಕ್ಕದಾದಷ್ಟೂ ಬಾಯಿ ದೊಡ್ಡದು). ಶಟರ್, ಅಂದರೆ ಬೆಳಕನ್ನು ಒಳಗೆ ಬಿಡುವ ಪರದೆ, 1/15 ಸೆಕೆಂಡಿನಷ್ಟು ಹೊತ್ತು ತೆರೆದಿರಬೇಕಾಗುತ್ತಿತ್ತು. ನನ್ನ ಕೈ ಅಲುಗಾಡದಿದ್ದರೆ ಅಮ್ಮನ ಕೈ ಅಲುಗಾಡುತ್ತಿತ್ತು. ಎಫ್ 1.8 ಅಂದರೆ ಅದಕ್ಕಿಂತ ಹತ್ತಿರ ಹತ್ತಿರ 10 ಪಟ್ಟು ಬೆಳಕು. ಅದೇ ಅಡುಗೆಮನೆಯಲ್ಲಿ 1/125 ಸಿಕ್ಕಿತು. ಮೊದಲ ದಿನ ಖುಷಿಗೆ ಒಲೆ, ಬೆಕ್ಕು, ಉಪ್ಪಿನ ಮರಿಗೆ ಎಲ್ಲದರ ಫೋಟೋ ತೆಗೆದೆ.

ಆಮೇಲೆ ಬುದ್ಧಿ ಬಂತು. 1.8 ಇದೆ ಅಂತ ಯಾವಾಗಲೂ 1.8ರಲ್ಲೇ ತೆಗೆಯಬಾರದು. ಅರ್ಧ ಮೀಟರ್ ದೂರದಿಂದ ತೆಗೆದರೆ ಚೂಪಾಗಿ ಬರುವ ಆಳ ಸುಮಾರು 6 ಮಿಲಿಮೀಟರ್ ಅಷ್ಟೆ. ನೀರುದೋಸೆಯ ಅಂಚು ಬರುತ್ತದೆ, ಪಕ್ಕದ ಚಟ್ನಿ ಮಂಜಾಗಿ ಹೋಗುತ್ತದೆ. ಮೊದಲ ಎರಡು ತಿಂಗಳ ಫೋಟೋಗಳಲ್ಲಿ ಚಟ್ನಿ ಯಾವುದು, ಮೊಸರು ಯಾವುದು ಅಂತ ನನಗೇ ಗೊತ್ತಾಗುವುದಿಲ್ಲ. ಈಗ ತಿಂಡಿಗೆ 5.6, ಮುಖಕ್ಕೆ 2.8. 1.8 ಮುಟ್ಟುವುದು ಸಂಜೆ ದೀಪ ಹಚ್ಚಿದ ಮೇಲೆ ಮಾತ್ರ.

ಎರಡನೇ ತೊಡಕು ಜಾಗದ್ದು. ಈ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಹಾಗಾಗಿ 50 ಎಂಎಂ ಇಲ್ಲಿ 80 ಎಂಎಂ ಥರ ವರ್ತಿಸುತ್ತದೆ, ಅಂದರೆ ಕಾಣುವ ನೋಟ ಇನ್ನೂ ಕಿರಿದು. ನಿಂತ ಮನುಷ್ಯ ತಲೆಯಿಂದ ಕಾಲಿನವರೆಗೆ ಹಿಡಿಸಬೇಕಾದರೆ ಸುಮಾರು 4 ಮೀಟರ್, ಅಂದರೆ 13 ಅಡಿ ಹಿಂದೆ ಹೋಗಬೇಕು. ನಮ್ಮ ನಡುಮನೆ ಇರುವುದೇ 12 ಅಡಿ! ಬಾಗಿಲು ದಾಟಿ ಜಗಲಿಯಲ್ಲಿ ನಿಂತು ತೆಗೆಯುತ್ತೇನೆ. ಪೇಟೆಯ ಸಣ್ಣ ಮನೆಗಳಲ್ಲಿ ಇರುವವರು ಇದನ್ನು ಯೋಚಿಸಿ. ಅಂಥವರಿಗೆ ಇದೇ ಕಂಪನಿಯ, ಇದಕ್ಕಿಂತ ಅಗಲ ನೋಟದ 24 ಎಂಎಂ ಎಫ್ 2.8 ಜಾಸ್ತಿ ಹೊಂದಬಹುದು. ಅದು 16 ಸೆಂಟಿಮೀಟರ್ ಹತ್ತಿರಕ್ಕೂ ಫೋಕಸ್ ಆಗುತ್ತದೆ. ಆದರೆ ಬೆಳಕಿನಲ್ಲಿ ಇದಕ್ಕೆ ಸಾಟಿ ಅಲ್ಲ.

ಇನ್ನು ಕಿಟಕಿ. ಇದನ್ನು ಲೆನ್ಸಿನ ವಿಮರ್ಶೆಯಲ್ಲಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಕಿಟಕಿ ಅರ್ಥವಾಗುವ ತನಕ ನನಗೆ ಲೆನ್ಸೂ ಅರ್ಥವಾಗಿರಲಿಲ್ಲ. ಇವತ್ತು ಉಳಿದಿರುವ ಅತಿ ಹಳೆಯ ನೆಗೆಟಿವ್ ಕೂಡ ಕಿಟಕಿಯದ್ದೇ. ಫೋಟೋಗ್ರಫಿಯ ಆರಂಭಕಾರರಲ್ಲಿ ಒಬ್ಬನಾದ ಇಂಗ್ಲೆಂಡಿನ ಟಾಲ್ಬಟ್ 1835ರಲ್ಲಿ ತನ್ನ ಮನೆಯ ಕಿಟಕಿಯನ್ನೇ ತೆಗೆದದ್ದು. ಅವನಿಗೂ ಮನೆಯೇ ಸಾಕಾಗಿತ್ತು, ಅಲ್ವಾ?

ಬಿಸಿಲಿನ ದಿನ ಕಿಟಕಿಗೆ ಅಪ್ಪನ ಹಳೇ ಬಿಳಿ ಪಂಚೆ ಕಟ್ಟುತ್ತೇನೆ. ಒಂದೇ ಪದರ ಸಾಕು, ನೆರಳು ಮೆತ್ತಗಾಗುತ್ತದೆ. ಎದುರು ಬದಿಗೆ ಫ್ರಿಜ್ ಡಬ್ಬದಲ್ಲಿ ಬಂದ ಥರ್ಮಾಕೋಲ್ ಹಲಗೆ ನಿಲ್ಲಿಸಿದರೆ ಕಪ್ಪು ಬಿದ್ದ ಕಡೆಗೂ ಸ್ವಲ್ಪ ಬೆಳಕು ಬರುತ್ತದೆ. ಹಿನ್ನೆಲೆಗೆ ಕರಿ ಕಂಬಳಿ. ಕಡುಬಿನ ಹಬೆ ಫೋಟೋದಲ್ಲಿ ಬರುವುದಿಲ್ಲ ಅಂತ ಒಂದು ವರ್ಷ ಒದ್ದಾಡಿದ್ದೆ. ಹಬೆ ಕಾಣಬೇಕಾದರೆ ಬೆಳಕು ಅದರ ಹಿಂದಿನಿಂದ ಬರಬೇಕು, ಅದರ ಹಿಂದೆ ಕಪ್ಪು ಇರಬೇಕು. ಕಡುಬಿನ ತಟ್ಟೆಯನ್ನು ಕಿಟಕಿ ಮುಂದೆ ಇಟ್ಟು, ಕಂಬಳಿಯನ್ನು ಕಿಟಕಿಯ ಕೆಳ ಅರ್ಧಕ್ಕೆ ಇಳಿಬಿಟ್ಟ ದಿನ ಹಬೆ ಎದ್ದು ಬಂತು. ಪಂಚೆ, ಥರ್ಮಾಕೋಲ್, ಕಂಬಳಿ, ಮೂರಕ್ಕೂ ಸೇರಿ ಖರ್ಚು ಸೊನ್ನೆ. ಇದು ಗೊತ್ತಾಗುವ ಮೊದಲು ಒಂದು ಅಂಗಡಿಯಿಂದ ಸಾಫ್ಟ್‌ಬಾಕ್ಸ್ (ದೀಪದ ಬೆಳಕನ್ನು ಮೆತ್ತಗೆ ಮಾಡುವ ಬಟ್ಟೆಯ ಡಬ್ಬ) ತರಿಸಿದ್ದೆ. ಅದರ ಕಾಲು ಮೂರನೇ ತಿಂಗಳಿಗೆ ಮುರಿಯಿತು. ಈಗ ಅದರ ಮೇಲೆ ಬಟ್ಟೆ ಒಣಗುತ್ತಿದೆ.

ಜುಲೈ ತಿಂಗಳಲ್ಲಿ ಪಂಚೆಯೂ ಬೇಡ. ಮೋಡವೇ ಆ ಕೆಲಸ ಮಾಡುತ್ತದೆ. ಬೆಳಕು ಕಡಿಮೆ, ಆದರೆ ಅಷ್ಟು ಒಳ್ಳೆಯ ಬೆಳಕು ಬೇಸಿಗೆಯಲ್ಲಿ ನೋಡಿಲ್ಲ.

ಟ್ಯೂಬ್‌ಲೈಟ್ ಮಾತ್ರ ಆರಿಸಿಬಿಡಿ. ಕಿಟಕಿಯ ಬೆಳಕಿನ ಜೊತೆ ಅದರ ಬಣ್ಣ ಸೇರಿದರೆ ಮುಖ ಅರ್ಧ ಹಸಿರು. ಆರಿಸಲಾಗದಿದ್ದರೆ ಶಟರ್ 1/100 ಅಥವಾ 1/50 ಇಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ಅದಕ್ಕಿಂತ ವೇಗವಾದರೆ ಫೋಟೋದಲ್ಲಿ ಪಟ್ಟೆ ಬೀಳಬಹುದು.

ನನಗೆ ಇಷ್ಟವಾದ ಫೋಟೋ ಅಡಿಕೆ ಸುಲಿಯುವ ಕಾಲದ್ದು. ಅಮ್ಮ ಜಗಲಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತಿದ್ದಳು. ಕ್ಯಾಮೆರಾ ಕಂಡದ್ದೇ, "ಮುಖ ಬ್ಯಾಡ ಮಾರಾಯ, ತಲೆ ಬಾಚಿಲ್ಲ" ಅಂದಳು. ಸರಿ, ಕೈ ಮಾತ್ರ ತೆಗೆದೆ. ಎಫ್ 2.8. ಕರೆ ಹಿಡಿದ ಬೆರಳು, ಉಗುರು, ಕತ್ತಿಯ ಅಂಚು ಚೂಪು. ಹಿಂದಿನ ಅಡಿಕೆ ರಾಶಿ ಕಿತ್ತಳೆ ಬಣ್ಣದ ಮಂಜು. ಮುಖ ಇದ್ದಿದ್ದರೆ ಅದು ಇಷ್ಟು ಅಮ್ಮನ ಫೋಟೋ ಆಗುತ್ತಿರಲಿಲ್ಲ ಅನ್ನಿಸುತ್ತದೆ.

ಹೂವು, ಇರುವೆ ತೆಗೆಯಲು ಈ ಲೆನ್ಸ್ ಒಂದೇ ಸಾಲದು. 35 ಸೆಂಟಿಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ 20 ಎಂಎಂ ಎಕ್ಸ್‌ಟೆನ್ಷನ್ ಟ್ಯೂಬ್ (ಗಾಜಿಲ್ಲದ ಟೊಳ್ಳು ಕೊಳವೆ) ಹಾಕಿದರೆ ನಿಜ ಗಾತ್ರದ ಅರ್ಧದಷ್ಟು ಸಿಗುತ್ತದೆ. ಕ್ಯಾಮೆರಾದ ಕರೆಂಟನ್ನು ಲೆನ್ಸಿಗೆ ದಾಟಿಸುವ ಕಾಂಟ್ಯಾಕ್ಟ್ ಪಿನ್ ಇರುವ ಟ್ಯೂಬನ್ನೇ ತೆಗೆದುಕೊಳ್ಳಿ. ನಾನು ದುಡ್ಡು ಉಳಿಸಲು ಹೋಗಿ ಪಿನ್ ಇಲ್ಲದ್ದು ತಂದೆ. ಅದರಲ್ಲಿ ಎಫ್ ನಂಬರ್ ಬದಲಿಸಲಿಕ್ಕೇ ಆಗಲಿಲ್ಲ. ಮ್ಯಾನ್ಯುಯಲ್ ಫೋಕಸ್ ರಿಂಗ್ ಕೂಡ ಮೋಟರ್ ಮೂಲಕವೇ ಕೆಲಸ ಮಾಡುವುದರಿಂದ, ಕರೆಂಟ್ ಸಿಗದೆ ಅದೂ ಸುಮ್ನೆ ತಿರುಗುತ್ತಿತ್ತು.

ಈಗ ಬೂಸ್ಟಿನ (ಫಂಗಸ್) ವಿಷಯ. ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಮುಖ್ಯ ಇದೇ. 2021ರ ಆಗಸ್ಟಿನಲ್ಲಿ ಆ 18-55 ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳು ಕಂಡವು. ತಪ್ಪು ನನ್ನದೇ. ಬ್ಯಾಗಿನಲ್ಲಿ ಸುತ್ತಿ ಬೀರುವಿನೊಳಗೆ ಇಟ್ಟಿದ್ದೆ. ಕತ್ತಲು, ತೇವ, ಬಟ್ಟೆ, ಬೂಸ್ಟಿಗೆ ಇನ್ನೇನು ಬೇಕು? ರಿಪೇರಿಯವರು ಹೇಳಿದ ದುಡ್ಡಿಗೆ ಹಳೇ ಲೆನ್ಸೇ ಒಂದು ಬರುತ್ತಿತ್ತು. 50 ಎಂಎಂ ಬಚಾವಾಯಿತು. ದಿನಾ ಬಳಸುತ್ತಿದ್ದೆನಲ್ಲ, ಅದು ಮೇಜಿನ ಮೇಲೇ ಇರುತ್ತಿತ್ತು.

ಆಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಂದು ಸಣ್ಣ ತೇವಾಂಶ ಮೀಟರ್, ನೀಲಿ ಸಿಲಿಕಾ ಜೆಲ್ ತಂದೆ. ಮಳೆಗಾಲದಲ್ಲಿ ಮೀಟರ್ ಹೊರಗೆ ಶೇಕಡಾ 85 ದಾಟುತ್ತದೆ, ಡಬ್ಬದೊಳಗೆ ಶೇಕಡಾ 45ರ ಆಸುಪಾಸು ಇಡುತ್ತೇನೆ. ತೇವ ಕುಡಿದು ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ನೀಲಿ ಮಾಡಬಹುದು. ಅಡುಗೆ ಬಾಣಲೆಯಲ್ಲಿ ಮಾತ್ರ ಬೇಡ. ಆ ನೀಲಿ ಕೋಬಾಲ್ಟ್ ಕ್ಲೋರೈಡಿನದು, ಹೊಟ್ಟೆಗೆ ಹೋಗಬಾರದ್ದು. ಇದಕ್ಕೇ ಅಂತ ತೂತಾಗುವ ಹಂತದ ಒಂದು ಹಳೇ ಬಾಣಲೆ ಇಟ್ಟಿದ್ದೇನೆ, ಕೊಟ್ಟಿಗೆ ಒಲೆಯ ಹತ್ತಿರ.

ಆರು ವರ್ಷದ ಮೇಲೆ ಲೆನ್ಸಿನ ಗಾಜು ಸ್ವಚ್ಛ ಇದೆ. ಫೋಕಸ್ ಮೊದಲಿನಷ್ಟೇ ಸರಿ. ಒಂದು ಸಲ ಜಗಲಿಯಿಂದ ಕೆಳಗೆ ಬಿತ್ತು, ಮುಂದೆ ಹಾಕಿದ್ದ 49 ಎಂಎಂ ಫಿಲ್ಟರ್ ಒಡೆದು ಲೆನ್ಸನ್ನು ಉಳಿಸಿತು. ಮುಚ್ಚಳ ಎಲ್ಲೋ ಕಳೆಯಿತು. ಈಗ ಮುಲಾಮಿನ ಡಬ್ಬಿಯ ಮುಚ್ಚಳವೇ ಅದಕ್ಕೆ ಮುಚ್ಚಳ, ಸರಿಯಾಗಿ ಕೂರುತ್ತದೆ.