ನಾಸು ದೆಂಗಾಕು: ಕರಿಯೋದಾ, ಬಾಣಲೆಯಾ, ಮೀನಿನ ಗ್ರಿಲ್ಲಾ?

ಜಪಾನಿನ ನಗೋಯಾಗೆ ಬಂದ ಮೇಲೆ ನನಗೆ ಹತ್ತಿದ ಹುಚ್ಚು ನಾಸು ದೆಂಗಾಕು. ನಾಸು ಅಂದರೆ ಬದನೆಕಾಯಿ. ಉದ್ದಕ್ಕೆ ಎರಡು ಹೋಳು ಮಾಡಿ, ಮೆತ್ತಗೆ ಬೇಯಿಸಿ, ಮೇಲೆ ಸಿಹಿ ಮಿಸೊ (ಹುದುಗಿಸಿದ ಸೋಯಾ ಗೊಜ್ಜು) ಸವರಿ, ಅದು ಗುಳ್ಳೆ ಎದ್ದು ಅಲ್ಲಲ್ಲಿ ಕಪ್ಪಾಗುವ ತನಕ ಬೆಂಕಿ ತೋರಿಸುವುದು. ಇಷ್ಟೇ. ಹೋಟೆಲಿನಲ್ಲಿ ಚಮಚ ಹಾಕಿದರೆ ತಿರುಳು ಬೆಣ್ಣೆ ಥರ ಬರುತ್ತದೆ. ನಾನು ಮಾಡಿದರೆ ಒಂದೋ ಎಣ್ಣೆ ಸೋರುತ್ತಿತ್ತು, ಇಲ್ಲ ನಡುವೆ ಬೆಂಡು. ಎಣ್ಣೆಗಾಯಿ ಮಾಡಿ ಬೆಳೆದ ಕೈಗೆ ಇದು ಅವಮಾನ ಅಲ್ವಾ? ಅದಕ್ಕೇ ಒಂದೇ ಚೀಲದ ಕಾಯಿಗಳನ್ನು ಮೂರು ರೀತಿ ಮಾಡಿ ನೋಡಿದೆ.

ಮೊದಲು ಕರಿದೆ. ಹಿಟ್ಟು ಗಿಟ್ಟು ಏನೂ ಇಲ್ಲ, ಹೋಳನ್ನು ಹಾಗೇ 180 ಡಿಗ್ರಿ ಎಣ್ಣೆಗೆ ಬಿಡುವುದು. ಮೂರು ನಿಮಿಷಕ್ಕೆ ಬೆಂದಿತು. ಸಿಪ್ಪೆ ಹೊಳೆಯುವ ನೇರಳೆಯಾಗಿಯೇ ಉಳಿಯಿತು, ಈ ಬಣ್ಣ ಉಳಿದ ಎರಡರಲ್ಲೂ ಬರಲಿಲ್ಲ. ಆದರೆ ಬದನೆ ತಿರುಳು ಸ್ಪಂಜು, ಒಳಗಿನ ಗಾಳಿಯ ಜಾಗಕ್ಕೆಲ್ಲ ಎಣ್ಣೆ ತುಂಬಿಕೊಂಡಿತು. ಸವರಿದ ಮಿಸೊ ಜಾರಿ ತಟ್ಟೆಗೆ ಬಂತು. ಎರಡನೇ ಹೋಳಿಗೇ ಮುಖ ತಿರುಗಿತು. ಮೇಲಿಂದ ಮಿಕ್ಕ ಎಣ್ಣೆಗೆ ಪುಡಿ ಹಾಕಿ, ಗಟ್ಟಿ ಮಾಡಿ, ಕಸಕ್ಕೆ ಹಾಕುವ ಕೆಲಸ ಬೇರೆ.

ಆಮೇಲೆ ಮೀನಿನ ಗ್ರಿಲ್. ಇಲ್ಲಿನ ಗ್ಯಾಸ್ ಒಲೆಗಳಲ್ಲಿ ಬರ್ನರ್ ಕೆಳಗೆ ಡ್ರಾಯರ್ ಥರ ಇರುತ್ತದೆ. ನಮ್ಮ ಮನೆಯದರಲ್ಲಿ ಹಿಂದಿದ್ದವರು ಸುಟ್ಟ ಮೀನಿನ ವಾಸನೆ ಹೋಗುವುದಕ್ಕೇ ಒಂದು ತಿಂಗಳು ಹಿಡಿಯಿತು, ನಾನೋ ಸಸ್ಯಾಹಾರಿ. ಸುಟ್ಟ ಘಮ ಮಾತ್ರ ಇದರದ್ದೇ. ತೊಂದರೆ ಏನೆಂದರೆ ಇದರಲ್ಲಿ ಉರಿ ಮೇಲಿನಿಂದ ಮಾತ್ರ. ಒಳಗೆ ಬೇಯುವ ಮುಂಚೆ ಕತ್ತರಿಸಿದ ಮುಖ ಒಣಗಿ ಚರ್ಮದ ಹಾಗಾಯಿತು.

ಮೂರನೆಯದು ಬಾಣಲೆ, ಇದರಲ್ಲೇ ಗುಟ್ಟು ಸಿಕ್ಕಿತು. ತಿರುಳಿನ ಮೇಲೆ ಚೌಕಚೌಕವಾಗಿ ಗೆರೆ ಕೊಯ್ದು, ಎಣ್ಣೆಯನ್ನು ಬಾಣಲೆಗೆ ಸುರಿಯದೆ ಹೋಳಿಗೇ ಸವರಬೇಕು. ಸುರಿದರೆ ಮೊದಲು ಇಟ್ಟ ಹೋಳೇ ಎಲ್ಲ ಕುಡಿದುಬಿಡುತ್ತದೆ, ಉಳಿದವು ಒಣ. ಮುಖ ಕೆಳಗೆ ಮಾಡಿ ಮೂರು ನಿಮಿಷ, ಕೆಂಪಗಾದ ಮೇಲೆ ತಿರುವಿ ಹಾಕಿ, ಎರಡು ಚಮಚ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ ಐದು ನಿಮಿಷ. ಹಬೆಗೆ ಸ್ಪಂಜು ಕುಸಿಯುತ್ತದೆ, ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತದೆ. ಕೊರತೆ ಒಂದೇ, ಮೇಲಿನ ಮಿಸೊ ಕಂದು ಬಣ್ಣಕ್ಕೆ ತಿರುಗುವುದಿಲ್ಲ. ಅದಕ್ಕೆ ಕೊನೆಯ ಎರಡು ನಿಮಿಷ ಗ್ರಿಲ್‌ಗೆ ತಳ್ಳುತ್ತೇನೆ. ಈಗ ನಮ್ಮ ಮನೆಯಲ್ಲಿ ಇದೇ ಖಾಯಂ.

ಮಿಸೊದಲ್ಲೂ ಪೈಪೋಟಿ ಇದೆ. ನಮ್ಮ ಐಚಿ ಪ್ರಾಂತ್ಯದ್ದು ಕೆಂಪು ಹಾಚ್ಚೋ ಮಿಸೊ, ಹುಟ್ಟೂರು ಒಕಾಝಾಕಿ. ಬರೀ ಸೋಯಾ ಮತ್ತು ಉಪ್ಪು, ಮರದ ಪೀಪಾಯಿ, ಮೇಲೆ ಗೋಪುರದ ಹಾಗೆ ಪೇರಿಸಿದ ಕಲ್ಲು, ಎರಡು ವರ್ಷಕ್ಕೂ ಜಾಸ್ತಿ ಕಾಲ. ನೋಡಲು ಪುಳಿಯೋಗರೆ ಗೊಜ್ಜು, ರುಚಿಯಲ್ಲಿ ಸ್ವಲ್ಪ ಒಗರು. ಎರಡು ಚಮಚ ಮಿಸೊಗೆ ಎರಡು ಸಕ್ಕರೆ, ಎರಡು ಮಿರಿನ್ (ಅಡುಗೆಯ ಸಿಹಿ ಮದ್ಯ), ಒಂದು ಸಾಕೆ (ಅಕ್ಕಿಯ ಮದ್ಯ) ಹಾಕಿ ಸಣ್ಣ ಉರಿಯಲ್ಲಿ ಕಲಕುತ್ತಾ ಗಟ್ಟಿ ಮಾಡುತ್ತೇನೆ. ಕ್ಯೊಟೊ ಕಡೆಯ ಬಿಳಿ ಸೈಕ್ಯೊ ಮಿಸೊದಲ್ಲಿ ಅಕ್ಕಿಯ ಕೋಜಿ (ಬೂಷ್ಟು ಬೆಳೆಸಿದ ಅಕ್ಕಿ) ಜಾಸ್ತಿ, ಉಪ್ಪು ಕಡಿಮೆ. ಅದೇ ಸಿಹಿ, ಸಕ್ಕರೆ ಬೇಡ, ಒಂದು ಚಮಚ ಮಿರಿನ್ ಸಾಕು. ಆದರೆ ಆ ಸಿಹಿಯೇ ಸಮಸ್ಯೆ. ಫೋನ್ ತರಲು ಹೋಗಿ ಬರುವಷ್ಟರಲ್ಲಿ ಸೀದು ಕರಿಯಾಗಿತ್ತು. ಕ್ಯೊಟೊದ ದುಂಡು ಕಾಮೊ ಬದನೆಗೆ ಬಿಳಿ ಚೆನ್ನ. ಆ ಕಾಯಿ ನೋಡಿದರೆ ನನಗೆ ಮಟ್ಟು ಗುಳ್ಳ ನೆನಪಾಗುತ್ತದೆ, ಬಣ್ಣ ಬೇರೆ ಅಷ್ಟೇ. ಅಂಗಡಿಯ ಸಪೂರ ಕಾಯಿಗೆ ಬಿಳಿ ಹಾಕಿದರೆ ಸಪ್ಪೆ. ನನ್ನ ಓಟು ಕೆಂಪಿಗೆ.

ಸಸ್ಯಾಹಾರಿಗಳು ಮಿಸೊ ಡಬ್ಬಿ ತಿರುಗಿಸಿ ನೋಡಲೇಬೇಕು. 'ದಾಶಿ ಇರಿ' ಅಂತ ಇದ್ದರೆ ಹೆಚ್ಚಾಗಿ ಒಣ ಮೀನಿನ ಸಾರ ಸೇರಿರುತ್ತದೆ. ನಾನು ಒಮ್ಮೆ ಏಮಾರಿದ್ದೇನೆ.

ಉಳಿದ ಕೆಂಪು ಮಿಸೊ ಫ್ರಿಜ್ಜಿನಲ್ಲಿಟ್ಟು ಮರುದಿನ ದೋಸೆಗೆ ಹಚ್ಚಿಕೊಂಡು ತಿಂದೆ. ಚೆನ್ನಾಗಿರಲಿಲ್ಲ.